ಹಗುರ ಗುಂಡಿನ ಲೆಕ್ಕ

(ಅಮೆರಿಕದ ಒಹಾಯೊ ರಾಜ್ಯ. ಒಂದು ಮನೆಯ ಗ್ಯಾರೇಜು, ಬಾಗಿಲು ಪೂರ್ತಿ ಎತ್ತಿದೆ. ಅಳಿಯನಿಗೆ ಪಿಸ್ತೂಲು ಸ್ಪರ್ಧೆಯ ಹವ್ಯಾಸ. ಅಕ್ಕನ ಮಗನ ಮನೆಗೆ ಬಂದಿರುವ ಮಾವ ಮೈಸೂರಿನ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸಿ ನಿವೃತ್ತರಾದವರು.)

ಮಾವ: ಏನೋ ಇದು, ಗ್ಯಾರೇಜಿನಲ್ಲಿ ನಮ್ಮ ಫೌಂಡ್ರಿ ವಾಸನೆ! ಸೀಸ ಕಾಸ್ತಿದ್ದೀಯಾ?

ಅಳಿಯ: ವಾಸನೆ ಸೀಸದ್ದಲ್ಲ ಮಾವ, ಮೇಣದ್ದು. ಕರಗಿದ ಸೀಸಕ್ಕೆ ಒಂದು ಚೂರು ಮೇಣ ಹಾಕಿ ಕಲಕಿದೆ. ಮೇಲೆ ಬೂದಿ ಥರ ಕಟ್ಟಿರುತ್ತಲ್ಲ, ಅದರಲ್ಲಿ ಸೇರಿಕೊಂಡ ತವರ ವಾಪಸ್ ಕೆಳಕ್ಕೆ ಹೋಗುತ್ತೆ, ಕಸ ಮಾತ್ರ ತೇಲುತ್ತೆ. ನೀವು ಬಾಗಿಲ ಹತ್ತಿರ ಕೂತ್ಕೊಳ್ಳಿ, ಗಾಳಿ ಆ ಕಡೆಯಿಂದ ಬರ್ತಿದೆ. ಕಾಫಿ ಲೋಟ ಮಾತ್ರ ಈ ಮೇಜಿನ ಮೇಲೆ ಇಡಬೇಡಿ.

ಮಾವ: ಗೊತ್ತು ಬಿಡೋ. ತೊಳೆದ ಮೊಳೆ ಒಣಗೋಕೆ ಮುಂಚೆ ಒಬ್ಬ ಹುಡುಗ ಬಾಣಲೆಗೆ ಸುರಿದುಬಿಟ್ಟಿದ್ದ. ಸೀಸ ಸೂರಿಗೆ ಹಾರಿತು. ಪುಣ್ಯಕ್ಕೆ ಅವನು ಬಗ್ಗಿರಲಿಲ್ಲ.

ಅಳಿಯ: ನೀರು ಆವಿಯಾದರೆ ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗುತ್ತೆ. ಸೀಸದ ಒಳಗೆ ಸಿಕ್ಕಿದ ಹನಿಗೆ ಬೇರೆ ದಾರಿ ಇಲ್ಲ, ಸೀಸವನ್ನೇ ಎತ್ತಿ ಎಸೆಯುತ್ತೆ. ಅದಕ್ಕೇ ಈ ಕನ್ನಡಕ, ಈ ತೋಳುದ್ದದ ಅಂಗಿ. ಬೇಸಿಗೆಯಲ್ಲಿ ಹಣೆ ಬೆವರು ಬೀಳುತ್ತೆ ಅಂತ ತಲೆಗೆ ಬಟ್ಟೆ ಕಟ್ಕೊಳ್ತೀನಿ.

ಮಾವ: ಏನು ಎರಕ ಹೊಯ್ತಿದ್ದೀಯ?

ಅಳಿಯ: ಪಾಯಿಂಟ್ 45 ಪಿಸ್ತೂಲಿನ ಗುಂಡು. ಈ ಅಚ್ಚಿಂದ ಬರೋದು 200 ಗ್ರೇನ್ ತೂಕದ್ದು, ಸುಮಾರು 13 ಗ್ರಾಂ. ಪಿಸ್ತೂಲಿಗೆ ರೂಢಿಯಲ್ಲಿರೋದು 230 ಗ್ರೇನ್, ಅಂದರೆ 15 ಗ್ರಾಂ. ನಾನು ಹಗುರದ್ದು ಮಾಡ್ಕೊಳ್ತೀನಿ. ಅಯ್ಯೋ ಮಾವ, ಅದನ್ನ ಎತ್ಕೋಬೇಡಿ!

ಮಾವ: ಬಿಸಿ ಇದೆಯಾ?

ಅಳಿಯ: ಬಿಸಿ ಆರಿದೆ. ಕಾನೂನು ಅಡ್ಡ ಬರುತ್ತೆ. ನೀವು ಬಂದಿರೋದು ಪ್ರವಾಸಿ ವೀಸಾದಲ್ಲಿ. ಅಂಥವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳಬಾರದು ಅಂತ ಇಲ್ಲಿನ ಫೆಡರಲ್ ಕಾನೂನು. ಬೇಟೆ ಪರವಾನಗಿ ಥರದ ಒಂದೆರಡು ವಿನಾಯಿತಿ ಬಿಟ್ಟರೆ ಎಚ್-1ಬಿಯವರಿಗೂ ಇದೇ. ಗ್ರೀನ್ ಕಾರ್ಡ್ ಬರೋವರೆಗೆ ನಾನೂ ಇದರ ಹತ್ತಿರ ಸುಳಿದಿರಲಿಲ್ಲ.

ಮಾವ: ಮದ್ದಿಲ್ಲ, ಹಿತ್ತಾಳೆ ಇಲ್ಲ. ಬರೀ ಸೀಸದ ತುಂಡು ಮದ್ದುಗುಂಡು ಹೇಗಾಗುತ್ತೆ?

ಅಳಿಯ: ಕಾನೂನಿನ ವ್ಯಾಖ್ಯೆ ಹಾಗಿದೆ. ಪೂರ್ತಿ ಕಾಡತೂಸು ಒಂದೇ ಅಲ್ಲ. ಖಾಲಿ ಹಿತ್ತಾಳೆ ಕೊಳವೆ, ಮದ್ದು ಹೊತ್ತಿಸೋ ಪ್ರೈಮರ್, ಮದ್ದು, ಗುಂಡು, ಬಿಡಿಬಿಡಿಯಾಗಿದ್ದರೂ ಲೆಕ್ಕಕ್ಕೆ ಬರುತ್ತೆ. ಮುಟ್ಟಿದ ಮಾತ್ರಕ್ಕೆ ಯಾರೂ ಹಿಡ್ಕೊಂಡು ಹೋಗಲ್ಲ, ಆದರೆ ನಿಮ್ಮ ವೀಸಾ ಮೇಲೆ ನಾನು ಪ್ರಯೋಗ ಮಾಡಲ್ಲ. ಆ ಮೂಲೆಯಲ್ಲಿರೋ ಸೀಸದ ಗಟ್ಟಿ ಬೇಕಾದರೆ ಎತ್ತಿ ನೋಡಿ. ಅಚ್ಚಿಗೆ ಹೋಗಿ ಹೊರಗೆ ಬಂದ ಮೇಲೆ ಮಾತ್ರ ಬೇಡ.

ಮಾವ: ಚೆನ್ನಾಗಿದೆ. ನೀನು ಮನೆಯಲ್ಲಿ ಕೂತು ಡಬ್ಬಗಟ್ಟಲೆ ಮಾಡಬಹುದು, ನಾನು ಒಂದನ್ನು ಎತ್ತಿ ನೋಡಬಾರದು.

ಅಳಿಯ: ಸ್ವಂತಕ್ಕೆ ಮಾಡಿಕೊಳ್ಳೋಕೆ ಇಲ್ಲಿ ಪರವಾನಗಿ ಬೇಡ. ಮಾರಾಟಕ್ಕಿಳಿದರೆ ಬೇಕು. ನಮ್ಮೂರಲ್ಲಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದೇ ಅಪರಾಧ. ಈ ಹವ್ಯಾಸವನ್ನ ಊರಿಗೆ ತಗೊಂಡು ಹೋಗೋ ಹಾಗಿಲ್ಲ.

ಮಾವ: ತಗೊಂಡು ಬರೋದೂ ಬೇಡ. ಇಲ್ಲಿನ ಶಾಲೆಗಳ ಸುದ್ದಿ ಪೇಪರಿನಲ್ಲಿ ಓದಿ ಓದಿ ನಿನ್ನ ಅಮ್ಮನಿಗೆ ನಿದ್ದೆ ಇಲ್ಲ. ಮಗ ಗುಂಡು ಎರೀತಾನೆ ಅಂತ ನಾನು ಹೋಗಿ ಹೇಳಲಾ?

ಅಳಿಯ: ಹೇಳಿ. ಪಿಸ್ತೂಲು ಉಕ್ಕಿನ ಪೆಟ್ಟಿಗೆಯಲ್ಲಿದೆ, ಬೀಗದ ಸಂಖ್ಯೆ ಅವನಿಗೆ ಮಾತ್ರ ಗೊತ್ತು, ಅವನು ಹೊಡೆಯೋದು ಕಾಗದಕ್ಕೆ ಅಂತಲೂ ಹೇಳಿ. ಇಷ್ಟು ಹೇಳಿದರೆ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಆಗಲ್ಲ ಅಂತ ನನಗೂ ಗೊತ್ತು. ಈ ದೇಶದಲ್ಲಿ ಬಂದೂಕು ಸಿಗೋದು ತೀರಾ ಸುಲಭ ಅನ್ನೋರ ಜೊತೆ ನಾನು ವಾದಕ್ಕೆ ನಿಲ್ಲಲ್ಲ.

ಮಾವ: ಸರಿ. ಅದು ಅಲ್ಲಿಗಿರಲಿ. ಹಗುರದ್ದು ಯಾಕೆ? ಪೆಟ್ಟು ಕಮ್ಮಿ ಆಗಲ್ವಾ?

ಅಳಿಯ: ಕಮ್ಮಿ ಆಗಲಿ ಅಂತಲೇ. ಕಾಗದಕ್ಕೆ ತೂತು ಬಿದ್ದರೆ ಸಾಕು. ಇಲ್ಲಿ ಬುಲ್ಸ್‌ಐ ಅಂತ ಹಳೇ ಸ್ಪರ್ಧೆ ಇದೆ, ಒಂದೇ ಕೈಯಲ್ಲಿ ಹಿಡಿದು ಹೊಡೀಬೇಕು. 50 ಗಜ, 25 ಗಜ. ಪೂರ್ತಿ ಸ್ಪರ್ಧೆಯಲ್ಲಿ 270 ಗುಂಡು, ಪ್ರತಿಯೊಂದಕ್ಕೆ 10 ಅಂಕ, ಒಟ್ಟು 2700. ಮೂರು ಭಾಗ: ಪಾಯಿಂಟ್ 22ರಲ್ಲಿ 90, ಸೆಂಟರ್‌ಫೈರ್ ಅಂತ 90, ಪಾಯಿಂಟ್ 45ರಲ್ಲಿ 90. ನಡುವಿನ ಭಾಗಕ್ಕೂ ಬಹಳ ಜನ 45ನ್ನೇ ಹಿಡೀತಾರೆ. ಹಾಗಾದರೆ ಒಂದೇ ಕೈಯಲ್ಲಿ 180 ಸಲ 45ರ ಒದೆತ. ಸೈನ್ಯದ ಪೂರ್ಣ ಬಲದ ಕಾಡತೂಸಿನಲ್ಲಿ ಹೊಡೆದರೆ ಸಂಜೆ ಹೊತ್ತಿಗೆ ಮಣಿಕಟ್ಟು ಮಾತು ಕೇಳಲ್ಲ. ಅದಕ್ಕಿಂತ ಕೆಟ್ಟದ್ದು, ಮುಂದಿನ ಒದೆತಕ್ಕೆ ಹೆದರಿ, ಗುರಿ ಕುದುರೋಕೆ ಮುಂಚೆಯೇ ಬೆರಳು ಜಗ್ಗಿಬಿಡುತ್ತೆ. ಈರಿ ಸರೋವರದ ದಂಡೇಲಿ ಕ್ಯಾಂಪ್ ಪೆರ್ರಿ ಇದೆಯಲ್ಲ, 1907ರಿಂದ ರಾಷ್ಟ್ರಮಟ್ಟದ ಗುರಿ ಸ್ಪರ್ಧೆ ನಡೆದ ಜಾಗ, ಅಲ್ಲಿಗೆ ಬರೋ ಅನುಭವಸ್ಥರ ಡಬ್ಬ ನೋಡಿ, 185 ಇಲ್ಲವೇ 200 ಗ್ರೇನ್ ಕಾಣುತ್ತೆ.

ಮಾವ: ಹಾಗಾದರೆ ಇನ್ನೂ ಹಗುರ ಮಾಡು. ನೂರಕ್ಕೆ ಇಳಿಸು. ಕೈಗೆ ಸುಖ.

ಅಳಿಯ: ಕೈ ಒಪ್ಪುತ್ತೆ, ಪಿಸ್ತೂಲು ಒಪ್ಪಲ್ಲ. ರಿವಾಲ್ವರ್‌ನಲ್ಲಿ ಕೆಲಸ ಎಲ್ಲ ನಮ್ಮ ಬೆರಳಿಂದ ನಡೆಯುತ್ತೆ, ಅದಕ್ಕೆ ಎಷ್ಟು ಮೆತ್ತಗಿನ ಕಾಡತೂಸು ಕೊಟ್ಟರೂ ಮುಂದಿನದಕ್ಕೆ ತಿರುಗುತ್ತೆ. ಇದು ಅರೆ ಸ್ವಯಂಚಾಲಿತ. ಗುಂಡು ಮುಂದಕ್ಕೆ ಹೋಗುವಾಗ ಹಿಂದಕ್ಕೆ ಒದೆಯುತ್ತಲ್ಲ, ಆ ಒದೆತವೇ ಇದಕ್ಕೆ ಕೂಲಿ. ಆ ಕೂಲಿಗೆ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದು, ಖಾಲಿ ಹಿತ್ತಾಳೆಯನ್ನು ಎಳೆದು ಹೊರಗೆಸೆದು, ಸುತ್ತಿಗೆಯನ್ನು ಬಗ್ಗಿಸಿ, ಸ್ಪ್ರಿಂಗನ್ನು ಅದುಮುತ್ತೆ. ಅದುಮಿದ ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆ ತಳ್ಳುವಾಗ ಮ್ಯಾಗಜೀನಿಂದ ಇನ್ನೊಂದು ಕಾಡತೂಸು ನಳಿಗೆಗೆ ಏರುತ್ತೆ. ಕೂಲಿ ಕಡಿಮೆ ಕೊಟ್ಟರೆ ಸ್ಲೈಡ್ ಅರ್ಧ ದಾರೀಲಿ ನಿಂತು, ಹೊರಗೆ ಹೋಗಬೇಕಾದ ಹಿತ್ತಾಳೆಯನ್ನು ಬಾಗಿಲಲ್ಲೇ ಕಚ್ಚಿಕೊಳ್ಳುತ್ತೆ. ನೆಟ್ಟಗೆ ನಿಂತ ಹೊಗೆ ಕೊಳವೆ ಥರ ಕಾಣುತ್ತೆ ಅಂತ ಇಲ್ಲಿ ಅದಕ್ಕೆ ಸ್ಟೋವ್‌ಪೈಪ್ ಅಂತಾರೆ. ವೇಗದ ಸುತ್ತಿನಲ್ಲಿ ಐದು ಗುಂಡಿಗೆ 10 ಸೆಕೆಂಡು. ಅಲ್ಲಿ ಕಚ್ಚಿಕೊಂಡರೆ ಕತೆ ಮುಗೀತು.

ಮಾವ: ಎಷ್ಟು ಕೊಡಬೇಕು ಅಂತ ಲೆಕ್ಕ ಇದೆಯಾ?

ಅಳಿಯ: ಒರಟು ಲೆಕ್ಕ ಇದೆ. ಗ್ರೇನ್ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ಅನ್ನೋ ವೇಗದಿಂದ ಗುಣಿಸಿ, ಸಾವಿರದಿಂದ ಭಾಗಿಸಿ. 230 ಗ್ರೇನ್, 830 ಅಡಿ: 190 ಚಿಲ್ಲರೆ. ಅಂಗಡಿಯಲ್ಲಿ ಸಿಗೋ ಸ್ಪರ್ಧೆಯ ಕಾಡತೂಸು 185 ಗ್ರೇನ್, 770 ಅಡಿ: 142. ಸುಮಾರು ಕಾಲು ಭಾಗ ಇಳಿಯಿತು. ಓಡಾಡ್ತಾ ಹೊಡೆಯೋ ಇನ್ನೊಂದು ಥರದ ಸ್ಪರ್ಧೆ ಇದೆ, ಅದರಲ್ಲಿ ಈ ಸಂಖ್ಯೆ 165 ಮುಟ್ಟಿದರೆ ಮೇಜರ್, 125 ಮುಟ್ಟಿದರೆ ಮೈನರ್ ಅಂತ ಅಂಕಕ್ಕೇ ಕಟ್ಟಿದ್ದಾರೆ. ನಮ್ಮ ಬುಲ್ಸ್‌ಐನಲ್ಲಿ ಅಂಥ ಗೆರೆ ಇಲ್ಲ. ಗೆರೆ ಎಳೆಯೋದು ಪಿಸ್ತೂಲೇ.

ಮಾವ: ತಡಿ. ಒದೆತ ಕಮ್ಮಿ ಆಗಬೇಕು ಅಂತಿದ್ದರೆ ಭಾರದ ಗುಂಡನ್ನೇ ನಿಧಾನಕ್ಕೆ ಬಿಡಬಹುದಲ್ಲ? ನಿನ್ನ ಲೆಕ್ಕದಲ್ಲೇ 230ನ್ನು 620 ಅಡಿಯಲ್ಲಿ ಬಿಟ್ಟರೆ 142 ಬರುತ್ತೆ.

ಅಳಿಯ: ಮಾವ, ಇದನ್ನ ಕೇಳೋಕೆ ನನಗೆ ಬಹಳ ದಿನ ಬೇಕಾಯ್ತು! ಬಿಡಬಹುದು, ಬಿಡೋರೂ ಇದ್ದಾರೆ. ಆದರೆ ನಿಧಾನದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತೆ. ಒಂಟಿ ಕೈ ನಡುಗ್ತಾನೇ ಇರುತ್ತೆ, ಗುಂಡು ಆಚೆ ಹೋಗೋವರೆಗೂ ಆ ನಡುಕದ ಪಾಲು ಅದಕ್ಕಿದೆ. ಆಮೇಲೆ 50 ಗಜಕ್ಕೆ ಹೋಗೋಷ್ಟರಲ್ಲಿ ಹೆಚ್ಚು ಕೆಳಕ್ಕೆ ಬೀಳುತ್ತೆ. ಸೀಸದ ಲೆಕ್ಕವೂ ಇದೆ: ಒಂದು ಪೌಂಡಿಗೆ 7000 ಗ್ರೇನ್, 230ರದ್ದು 30 ಬರುತ್ತೆ, 200ರದ್ದು 35, 185ರದ್ದು 37. ಆದರೆ ನನಗೆ ಖುಷಿ ಕೊಟ್ಟ ವಿಷಯ ಬೇರೆ. ಜಾನ್ ಬ್ರೌನಿಂಗ್ ಈ 45ರ ಕಾಡತೂಸನ್ನು ಮೊದಲು ರೂಪಿಸಿದಾಗ ಅದರಲ್ಲಿದ್ದದ್ದು 200 ಗ್ರೇನಿನ ಗುಂಡು, ವೇಗ 900 ಅಡಿಯ ಆಸುಪಾಸು. ಫಿಲಿಪೀನ್ಸ್ ಯುದ್ಧದಲ್ಲಿ 38ರ ರಿವಾಲ್ವರಿನಿಂದ ಬೇಸತ್ತಿದ್ದ ಸೈನ್ಯ ಭಾರ ಬೇಕು ಅಂತ ಪಟ್ಟು ಹಿಡಿದದ್ದರಿಂದ 230 ಆಯ್ತು. 1911ರಲ್ಲಿ ಅವನ ಪಿಸ್ತೂಲು ಸೈನ್ಯಕ್ಕೆ ಸೇರಿದ್ದು ಹಾಗೆ, ಅದಕ್ಕೆ 1911 ಅಂತಲೇ ಹೆಸರು. ನಾವು 200 ಹಾಕಿದರೆ ಬ್ರೌನಿಂಗ್ ಮುನಿಸಿಕೊಳ್ಳಲ್ಲ.

ಮಾವ: ವೇಗ ಮಾತ್ರ ಅವನದ್ದಲ್ಲ, ನಿನ್ನದು.

ಅಳಿಯ: ಹ್ಞೂಂ, ವೇಗದಲ್ಲಿ ಜಿಪುಣತನ ನನ್ನದೇ. ಅದಕ್ಕೇ ಸ್ಪ್ರಿಂಗ್ ಬದಲಾಯಿಸಿದ್ದೀನಿ. ಐದು ಇಂಚಿನ ನಳಿಗೆಯ 1911ಕ್ಕೆ ಮೂಲದಲ್ಲಿ ಬರೋದು 16 ಪೌಂಡ್ ಸ್ಪ್ರಿಂಗ್. ಮೆತ್ತನೆ ಕಾಡತೂಸಿಗೆ 12ರ ಹತ್ತಿರದ್ದು ಹಾಕ್ತೀವಿ, ಕಡಿಮೆ ಒದೆತಕ್ಕೂ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗಲಿ ಅಂತ. ಅಲ್ಲಿ ಉಳಿಸಿದ್ದನ್ನ ಇಲ್ಲಿ ಕಳೀಬೇಕು: ಮೆತ್ತನೆ ಸ್ಪ್ರಿಂಗು ಮುಂದಕ್ಕೆ ತಳ್ಳೋದೂ ಮೆತ್ತಗೇ, ಕಾಡತೂಸು ನಳಿಗೆಗೆ ಏರುವಾಗ ಸ್ವಲ್ಪ ಅಡ್ಡಿ ಆದರೂ ನಿಲ್ಲುತ್ತೆ. ಮರೆತು ಸೈನ್ಯದ ಪೂರ್ಣ ಬಲದ ಕಾಡತೂಸು ಹಾಕಿದರೆ ಸ್ಲೈಡ್ ಹಿಂದಕ್ಕೆ ಹೋಗಿ ಫ್ರೇಮಿಗೆ ಗುದ್ದುತ್ತೆ.

ಮಾವ: ಸೀಸ ಬರಿಯದ್ದಲ್ಲ ತಾನೆ? ಬರಿ ಸೀಸದಲ್ಲಿ ಮೊಳೆ ಮಾಡಿದರೆ ನಾಲ್ಕು ಫಾರಂ ಅಚ್ಚಾಗೋಷ್ಟರಲ್ಲಿ ಅಕ್ಷರ ಚಪ್ಪಟೆ. ಗಟ್ಟಿತನಕ್ಕೆ ಆಂಟಿಮನಿ, ಅಂಚು ಚೂಪಾಗಿ ತುಂಬೋಕೆ ತವರ.

ಅಳಿಯ: ಅದೇ ಮೂರು. ಲೈನೋಟೈಪಿನ ಲೋಹ ಅಂದರೆ 84 ಪಾಲು ಸೀಸ, 12 ಆಂಟಿಮನಿ, 4 ತವರ. ಇಲ್ಲಿನ ಪತ್ರಿಕೆಗಳು ಲೈನೋಟೈಪ್ ಬಿಟ್ಟಾಗ ಎಷ್ಟೋ ಲೋಹ ಗುಂಡು ಎರೆಯೋರ ಮನೆ ಸೇರಿತು. ನಿಮ್ಮ ಪ್ರೆಸ್ಸಿನದ್ದು ಏನಾಯ್ತು?

ಮಾವ: ಆಫ್‌ಸೆಟ್ ಬಂತು, ಮೊಳೆ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋಯ್ತು. ಒತ್ತಕ್ಷರದ ಕೇಸುಗಳನ್ನ ಗೋಣಿಗೆ ಬಗ್ಗಿಸುವಾಗ ಎತ್ತಿಕೊಟ್ಟವನು ನಾನೇ. ಅಕ್ಷರ ಕರಗಿಸಿ ಗುಂಡು ಮಾಡಿದರು ಅಂತ ಭಾಷಣ ಬಿಗಿಯೋರನ್ನ ಕೇಳಿದ್ದೀನಿ. ಗುಜರಿಯವನು ಏನು ಮಾಡಿದ ಅಂತ ನಾವ್ಯಾರೂ ಕೇಳಲಿಲ್ಲವಲ್ಲ. ಇರಲಿ. ನಿನ್ನ ಗುಂಡಿಗೂ ಮೊಳೆ ಲೋಹವನ್ನೇ ಹಾಕು, ಗಟ್ಟಿಯಾಗಿ ಬರುತ್ತೆ.

ಅಳಿಯ: ಎಲ್ಲರೂ ಮೊದಲು ಹಾಗೇ ಅಂದ್ಕೊಳ್ತಾರೆ. ಮೆತ್ತನೆ ಕಾಡತೂಸಿಗೆ ಗಟ್ಟಿ ಗುಂಡು ಹಾಕಿದರೆ ಕೆಡುತ್ತೆ. ನಳಿಗೆಯೊಳಗೆ ಸುರುಳಿ ಗೆರೆಗಳಿವೆ. ಮದ್ದಿನ ಒತ್ತಡಕ್ಕೆ ಗುಂಡಿನ ಬುಡ ಒಂದಿಷ್ಟು ಹಿಗ್ಗಿ ಆ ಗೆರೆಗಳನ್ನ ಮುಚ್ಚಬೇಕು. ಒತ್ತಡ ಕಡಿಮೆ, ಗುಂಡು ಗಟ್ಟಿ ಅಂದರೆ ಹಿಗ್ಗಲ್ಲ. ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆದು ನಳಿಗೆಗೆ ಬಳಿಯುತ್ತೆ. ಹತ್ತಿಪ್ಪತ್ತು ಗುಂಡಿಗೆ ಗುರಿ ಹಾಳು, ಆಮೇಲೆ ಸಂಜೆಯೆಲ್ಲ ತಾಮ್ರದ ಬ್ರಷ್ ಹಾಕಿ ಉಜ್ಜಬೇಕು. ಗಟ್ಟಿತನ ಅಳೆಯೋ ಬ್ರಿನೆಲ್ ಮಾನದಲ್ಲಿ ಬರಿ ಸೀಸ 5, ಲೈನೋಟೈಪ್ 22. ನನಗೆ 11–12 ಸಾಕು, ಹಳೇ ಕಾರಿನ ಚಕ್ರಕ್ಕೆ ಬಡಿಯುತ್ತಿದ್ದ ಬ್ಯಾಲೆನ್ಸ್ ತೂಕದ ಸೀಸ ಸರಿಯಾಗಿ ಅಷ್ಟೇ ಇರುತ್ತೆ. ಗಟ್ಟಿತನಕ್ಕಿಂತ ಅಳತೆ ಮುಖ್ಯ. ನಳಿಗೆ ಒಳಗೆ ಇಂಚಿನ ಸಾವಿರದಲ್ಲಿ 451 ಇದ್ದರೆ ಗುಂಡು 452 ಇರಬೇಕು.

ಮಾವ: ಚಕ್ರದ ತೂಕ ಇನ್ನೂ ಸೀಸದ್ದೇ ಬರುತ್ತಾ?

ಅಳಿಯ: ಕಡಿಮೆಯಾಗ್ತಿದೆ. ಕ್ಯಾಲಿಫೋರ್ನಿಯಾ 2010ರಲ್ಲೇ ನಿಲ್ಲಿಸಿತು, ಇನ್ನೂ ಕೆಲವು ರಾಜ್ಯ ನಿಲ್ಲಿಸಿವೆ. ರಸ್ತೆಗೆ ಬಿದ್ದ ತೂಕ ಪುಡಿಯಾಗಿ ನೀರಿಗೆ ಸೇರುತ್ತೆ ಅಂತ, ಅದು ಸರಿಯೇ. ಈಗ ಬಕೆಟ್ಟಿನಲ್ಲಿ ಕಬ್ಬಿಣ, ಸತು ಬೆರೆತು ಬರುತ್ತೆ. ಸತು ಸೇರಿದರೆ ಲೋಹ ಅಂಬಲಿ ಥರ ಆಗಿ ಅಚ್ಚು ತುಂಬಲ್ಲ. ಪುಣ್ಯಕ್ಕೆ ಸತು ಕರಗೋದು 419 ಡಿಗ್ರಿಗೆ, ಸೀಸ 327ಕ್ಕೇ. ಉರಿ ಸಣ್ಣಗಿಟ್ಟರೆ ಸತು ಕರಗದೆ ತೇಲುತ್ತೆ, ಚಮಚದಲ್ಲಿ ತೆಗೆದು ಎಸೀತೀನಿ.

ಮಾವ: ಒಂದು ಅನುಮಾನ. ಆಂಟಿಮನಿ, ತವರ ಎರಡೂ ಸೀಸಕ್ಕಿಂತ ಹಗುರ. ಒಂದೇ ಅಚ್ಚು, ಲೋಹ ಬದಲಾದರೆ ತೂಕ ಬದಲಾಗಬೇಕಲ್ಲ?

ಅಳಿಯ: ಆಗುತ್ತೆ. ಸೀಸದ ಸಾಂದ್ರತೆ 11.34, ತವರದ್ದು 7.3, ಆಂಟಿಮನಿಯದ್ದು 6.7. ಅಚ್ಚಿನ ಮೇಲೆ 200 ಅಂತ ಕೆತ್ತಿದ್ದರೂ ನಿಜವಾದ ತೂಕ ತಕ್ಕಡಿ ಹೇಳಬೇಕು. ಈ ಅಚ್ಚು ಹೆನ್ಸ್ಲಿ ಅಂಡ್ ಗಿಬ್ಸ್ 68 ಅನ್ನೋ ಹಳೇ ಮಾದರಿಯ ನಕಲು. ಮೂತಿ ನೋಡಿ: ಮೊಟಕು ಶಂಕು, ಅದರ ಬುಡದಲ್ಲಿ ಚೂಪು ಭುಜ. ಆ ಭುಜ ಕಾಗದದಲ್ಲಿ ಕತ್ತರಿಸಿದ ಹಾಗೆ ದುಂಡು ತೂತು ಹೊಡೆಯುತ್ತೆ. ಉರುಟು ಮೂತಿಯದ್ದು ಕಾಗದ ಹರಿಯುತ್ತೆ, ಗೆರೆ ಮುಟ್ಟಿತೋ ಇಲ್ಲವೋ ಅಂತ ಜಗಳ.

ಮಾವ: ಅಷ್ಟು ಚೂಪು ಭುಜ ನಳಿಗೆಗೆ ಏರುವಾಗ ತಗುಲಿಕೊಳ್ಳಲ್ವಾ?

ಅಳಿಯ: ತಗುಲುತ್ತೆ. ಹಗುರ ಗುಂಡಿಗೆ ಉದ್ದವೂ ಕಡಿಮೆ, ಹಿತ್ತಾಳೆಯೊಳಗೆ ಎಷ್ಟು ಆಳಕ್ಕೆ ಕೂರಿಸಬೇಕು ಅನ್ನೋದರಲ್ಲೇ ಎಲ್ಲ ಇದೆ. ಭುಜ ಹಿತ್ತಾಳೆಯ ಬಾಯಿಂದ ಉಗುರಿನ ದಪ್ಪದಷ್ಟು ಮೇಲಿದ್ದರೆ ಬಹುಪಾಲು ಪಿಸ್ತೂಲು ಒಪ್ಪುತ್ತೆ. ಹಿತ್ತಾಳೆಯ ಬಾಯಿಯೇ ನಳಿಗೆಯೊಳಗೆ ಒಂದು ಮೆಟ್ಟಿಲಿಗೆ ತಾಗಿ ನಿಲ್ಲೋದರಿಂದ ಅದನ್ನ ಒಳಕ್ಕೆ ಮಡಚೋ ಹಾಗಿಲ್ಲ, ನೇರ ಮಾಡಿ ಸಣ್ಣಗೆ ಒತ್ತಬೇಕು ಅಷ್ಟೆ. ಮಾಡಿದ್ದನ್ನ ಬಿಚ್ಚಿಟ್ಟ ನಳಿಗೆಗೆ ಹಾಕಿ ನೋಡ್ತೀನಿ: ಠಣ್ ಅಂತ ಬಿದ್ದು, ತಲೆಕೆಳಗು ಮಾಡಿದಾಗ ತಾನೇ ಜಾರಬೇಕು.

ಮಾವ: ಮದ್ದು ಎಷ್ಟು ಹಾಕ್ತೀಯ?

ಅಳಿಯ: ಆ ಅಂಕಿ ಮಾತ್ರ ನನ್ನ ಬಾಯಿಂದ ಬರಲ್ಲ, ನಿಮಗಲ್ಲ, ಪಕ್ಕದ ಮನೆಯವನಿಗೂ. ಲೈಮನ್‌ನಂಥ ಕಂಪನಿಗಳು ಎರಕದ ಗುಂಡಿಗೇ ಬೇರೆ ಪುಸ್ತಕ ಮಾಡಿವೆ. ಅದರಲ್ಲಿ ಈ ಗುಂಡಿಗೆ, ಈ ಮದ್ದಿಗೆ ಇಷ್ಟರಿಂದ ಇಷ್ಟು ಅಂತ ಇರುತ್ತೆ. ಕೆಳಗಿನ ಅಂಕಿಯಿಂದ ಶುರು. ಅದಕ್ಕಿಂತ ಕೆಳಗೆ ಹೋದರೆ ಇನ್ನೂ ಮೆತ್ತಗಾಗುತ್ತೆ ಅನ್ನೋ ಆಸೆ ದೊಡ್ಡ ಅಪಾಯ. ತಳ್ಳೋ ಬಲ ಸಾಲದೆ ಗುಂಡು ನಳಿಗೆಯೊಳಗೇ ಸಿಕ್ಕಿಕೊಳ್ಳಬಹುದು. ಪಟ್ ಅಂತ ಸಣ್ಣ ಸದ್ದು, ಕಾಗದದಲ್ಲಿ ತೂತಿಲ್ಲ. ಅಲ್ಲಿ ಕೈ ನಿಲ್ಲಿಸಬೇಕು. ನಿಲ್ಲಿಸದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತೆ, ಒಡೆಯಲೂಬಹುದು.

ಮಾವ: ಜಾಸ್ತಿ ಬಿದ್ದರೆ?

ಅಳಿಯ: ಅದು ಇನ್ನೂ ಕೆಟ್ಟದ್ದು. ಮೆತ್ತನೆ ಕಾಡತೂಸಿಗೆ ಬೇಕಾಗೋ ಮದ್ದು ಒಂದು ಚಿಟಿಕೆ, 45ರ ಹಿತ್ತಾಳೆಯೋ ಅಗಲ ಬಾಯಿಯದ್ದು. ಎರಡು ಸಲ ಬಿದ್ದರೂ ಒಳಗೆ ಹಿಡಿಸುತ್ತೆ, ಹೊರಗೆ ಚೆಲ್ಲಿ ಎಚ್ಚರಿಸಲ್ಲ. ಅದಕ್ಕೇ ಐವತ್ತನ್ನ ಹಲಗೆಯ ಗುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸೋ ಮುಂಚೆ ಟಾರ್ಚ್ ಹಿಡಿದು ಪ್ರತಿಯೊಂದರ ಒಳಗೂ ಇಣುಕ್ತೀನಿ. ಆ ಹೊತ್ತಿನಲ್ಲಿ ರೇಡಿಯೋ ಇಲ್ಲ, ಫೋನ್ ಇಲ್ಲ, ಮಾವನೂ ಇಲ್ಲ.

ಮಾವ: ಪ್ರೂಫ್ ನೋಡೋವಾಗ ನಾನೂ ಯಾರನ್ನೂ ಹತ್ತಿರ ಸೇರಿಸ್ತಿರಲಿಲ್ಲ. ಸರಿ, ಕೆಳಗಿನ ಅಂಕಿ ಹಾಕಿದೆ, ಸ್ಪ್ರಿಂಗ್ ಬದಲಾಯಿಸಿದೆ. ಪಿಸ್ತೂಲು ಒಪ್ಪಿತು ಅಂತ ಹೇಗೆ ಗೊತ್ತಾಗುತ್ತೆ?

ಅಳಿಯ: ಗುರಿ ನೋಡೋಕೆ ಮುಂಚೆ ನೆಲ ನೋಡ್ತೀನಿ. ಖಾಲಿ ಹಿತ್ತಾಳೆ ಬಲಗಡೆ ನಾಲ್ಕೈದು ಅಡಿ ದೂರಕ್ಕೆ ಒಂದೇ ಜಾಗದಲ್ಲಿ ರಾಶಿ ಬಿದ್ದರೆ ಸರಿ. ಕಾಲ ಬುಡದಲ್ಲಿ ಒಂದು, ತೋಳಿನ ಮೇಲೊಂದು ಬಿದ್ದರೆ ಕೂಲಿ ಸಾಲದು ಅಂತ. ಇನ್ನೊಂದು ಗುರುತು, ಕೊನೇ ಗುಂಡಿನ ನಂತರ ಸ್ಲೈಡ್ ಹಿಂದೇನೇ ನಿಲ್ಲಬೇಕು, ನಿಲ್ಲದಿದ್ದರೆ ಅದು ಪೂರ್ತಿ ಹಿಂದಕ್ಕೆ ಹೋಗಿಲ್ಲ. ಬಿಸಿಲಲ್ಲಿ ನಡೆದದ್ದು ಇಲ್ಲಿನ ಚಳಿಯಲ್ಲಿ ನಡೆಯಲ್ಲ. ಎಣ್ಣೆ ಮಂದವಾದರೂ ಸ್ಲೈಡ್ ಸೋಮಾರಿ ಆಗುತ್ತೆ. ಅದಕ್ಕೇ ನಾನು ಅಂಚಿನಲ್ಲಿ ನಿಲ್ಲಲ್ಲ, ಕೂಲಿಯನ್ನ ಒಂದು ಹಿಡಿ ಜಾಸ್ತಿಯೇ ಕೊಡ್ತೀನಿ. ತೀರಾ ಹಗುರ ಮಾಡಿದ್ದೀನಿ ಅಂತ ಜಂಬ ಪಡೋ ಕಾಡತೂಸನ್ನ ಸ್ಪರ್ಧೆಗೆ ತಗೊಂಡು ಹೋದೋರು ಪಕ್ಕದಲ್ಲಿ ನಿಂತು ಬೈಕೊಳ್ಳೋದನ್ನ ನೋಡಿದ್ದೀನಿ.

ಮಾವ: ಕೈ ತೊಳೀತೀಯ ತಾನೆ? ನಮಗೆ ಹಾಲು ಕುಡೀರಿ, ಸೀಸ ಹತ್ತಲ್ಲ ಅಂತಿದ್ದರು. ಹಾಲು ಕುಡಿದು ಅದೇ ಕೈಯಲ್ಲಿ ಬೀಡಿ ಸೇದೋರು.

ಅಳಿಯ: ಹಾಲಿಂದ ಏನೂ ಆಗಲ್ಲ, ಬೀಡಿಯಿಂದ ಆಗೋದು ಆಗುತ್ತೆ. ಈ ಉರಿಯಲ್ಲಿ ಸೀಸ ಆವಿಯಾಗೋದು ಲೆಕ್ಕಕ್ಕಿಲ್ಲದಷ್ಟು. ತೊಂದರೆ ಕೊಡೋದು ಮೇಲಿಂದ ತೆಗೆದ ಬೂದಿಯ ಧೂಳು, ಪ್ರೈಮರಿನ ಹೊಗೆ, ಹಿತ್ತಾಳೆ ಉಜ್ಜುವಾಗ ಏಳೋ ಪುಡಿ. ಈ ಬಟ್ಟೆ ಬೇರೆಯಾಗಿ ಒಗೀತೀನಿ, ಮಗು ಈ ಕಡೆ ಬರಲ್ಲ, ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡಿಸ್ತೀನಿ.

ಮಾವ: ಮುಂದುವರಿಸು, ನೋಡ್ತೀನಿ. ಮೊದಲು ಬಂದ ನಾಲ್ಕೈದು ಸುಕ್ಕುಸುಕ್ಕಾಗಿವೆ, ಅಚ್ಚು ಕಾದಿರಲಿಲ್ಲ. ಆ ಕೊನೇ ಸಾಲು ಬೂದು ಬಣ್ಣಕ್ಕೆ ತಿರುಗಿದೆ, ಅಚ್ಚು ಕಾದದ್ದು ಹೆಚ್ಚಾಯ್ತು.

ಅಳಿಯ: ಬೂದು ಬಣ್ಣದ್ದು ನಡೆಯುತ್ತೆ, ಅಳತೆ ಸರಿ ಇದ್ದರೆ ಸಾಕು. ಸುಕ್ಕಿನದ್ದು ವಾಪಸ್ ಬಾಣಲೆಗೆ.

ಮಾವ: ಮೂತಿ ಮುಖ್ಯವೋ ಬುಡ ಮುಖ್ಯವೋ?

ಅಳಿಯ: ಬುಡ. ನಳಿಗೆಯಿಂದ ಹೊರಬೀಳೋ ಕ್ಷಣದಲ್ಲಿ ಕೊನೆಗೆ ಬಿಡೋದು ಬುಡದ ಅಂಚು. ಅದು ಒಂದು ಕಡೆ ಮೊಂಡಾಗಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನ ವಾಲಿಸುತ್ತೆ. ಮೂತಿಗೆ ಸಣ್ಣ ಗಾಯ ಆದರೆ ಕಾಗದಕ್ಕೆ ಗೊತ್ತೇ ಆಗಲ್ಲ.

ಮಾವ: ಹಾಗಾದರೆ ಆ ತಟ್ಟೇಲಿ ಎಲ್ಲವನ್ನೂ ಬುಡ ಮೇಲಾಗಿ ನಿಲ್ಲಿಸು. ನಾನು ಮುಟ್ಟಲ್ಲ. ದೀಪ ಈ ಕಡೆ ಓರೆಯಾಗಿ ಇಡು, ನೆರಳು ಬೀಳಬೇಕು. ಹಾಂ. ಮೂರನೇ ಸಾಲು, ಎಡದಿಂದ ಎರಡನೇದು, ಅಂಚು ತುಂಬಿಲ್ಲ.

ಅಳಿಯ: ಎಲ್ಲಿ? ನನಗೆ ಸರಿಯಾಗೇ ಕಾಣ್ತಿದೆ.

ಮಾವ: ಭೂತಗನ್ನಡಿ ಹಿಡಿದು ನೋಡು.

ಅಳಿಯ: ಹೌದು ಮಾವ, ಕೂದಲೆಳೆಯಷ್ಟು.

ಮಾವ: ಐದನೇ ಸಾಲಿನಲ್ಲಿ ಕೊನೇದು. ಅದರ ಹಿಂದಿನದೂ ಹಾಕು. ಇಲ್ಲ ಇಲ್ಲ, ಅದಲ್ಲ, ಅದು ಚೆನ್ನಾಗಿದೆ, ಅದರ ಈಚೆಯದು.